ಜರ್ಮನಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು: ಮೊದಲು ಲೈಸೆನ್ಸ್, ಆಮೇಲೆ ವಿಮೆ, ಕೊನೆಗೆ ಗಾಡಿ

ನಮ್ಮೂರಲ್ಲಿ ಹಳೇ ಕಾರು ಕೊಳ್ಳುವವರು ಮೊದಲು ಗಾಡಿ ನೋಡುತ್ತಾರೆ. ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ, ಚೌಕಾಸಿ ಮಾಡಿ, ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಆರ್‌ಸಿ ಹೆಸರು ಬದಲಾವಣೆ, ಇನ್ಶೂರೆನ್ಸ್ ವರ್ಗಾವಣೆ ಎಲ್ಲ ಆಮೇಲಿನ ಮಾತು. ಏಜೆಂಟ್ ನೋಡಿಕೊಳ್ಳುತ್ತಾನೆ.

ಜರ್ಮನಿಗೆ ಕೆಲಸಕ್ಕೋ ಓದಿಗೋ ಬಂದ ಕನ್ನಡಿಗರು ಇದೇ ಅಭ್ಯಾಸದಲ್ಲಿ ಹೊರಟರೆ ದುಡ್ಡು ಕಳೆದುಕೊಳ್ಳುತ್ತಾರೆ. ಇಲ್ಲಿ ವಿಮೆ ಇಲ್ಲದೆ ನಂಬರ್ ಪ್ಲೇಟೇ ಸಿಗುವುದಿಲ್ಲ. ಗಾಡಿ ಎಷ್ಟೇ ಚೆನ್ನಾಗಿದ್ದರೂ, ಅದರ ವರ್ಷದ ಖರ್ಚನ್ನು ಹೆಚ್ಚಾಗಿ ನಿರ್ಧರಿಸುವುದು ನಿಮ್ಮ ಲೈಸೆನ್ಸ್ ಎಷ್ಟು ಹಳೆಯದು, ವಿಮೆ ಕಂಪನಿ ನಿಮ್ಮನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸುತ್ತದೆ ಎಂಬುದು. ಹಾಗಾಗಿ ಕೆಲಸದ ಕ್ರಮವನ್ನೇ ತಿರುಗಿಸಿಕೊಳ್ಳಿ.

ಅದಕ್ಕೂ ಮುಂಚೆ ಒಂದು ಪ್ರಶ್ನೆ. ಕಾರು ನಿಜಕ್ಕೂ ಬೇಕಾ? ಮ್ಯೂನಿಕ್, ಬರ್ಲಿನ್, ಫ್ರಾಂಕ್‌ಫರ್ಟ್ ಊರೊಳಗೆ ಮನೆ, ಆಫೀಸು ಎರಡೂ ಇದ್ದರೆ ಡಾಯ್ಚ್‌ಲಾಂಡ್‌ಟಿಕೆಟ್ ಸಾಕು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿ 2025ರಲ್ಲಿ 58 ಯೂರೋ ಆದ ಈ ಮಾಸಿಕ ಪಾಸ್‌ನಲ್ಲಿ ದೇಶದ ಎಲ್ಲ ಸಿಟಿ ಬಸ್ಸು, ಟ್ರಾಮು, ಲೋಕಲ್ ರೈಲು ಹತ್ತಬಹುದು. ಆಫೀಸು ಊರಾಚೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದು, ಬಸ್ಸು ಗಂಟೆಗೊಂದು ಬರುವ ಹಳ್ಳಿಯಲ್ಲಿ ಮನೆ ಸಿಕ್ಕಿದ್ದರೆ, ಚಿಕ್ಕ ಮಕ್ಕಳಿದ್ದರೆ, ಆಗ ಮುಂದೆ ಓದಿ.

ಆರು ತಿಂಗಳ ಗಡಿಯಾರ

ಇಲ್ಲಿ ವಾಸ ಶುರು ಮಾಡಿದ ದಿನದಿಂದ ಆರು ತಿಂಗಳು ಮಾತ್ರ ಭಾರತದ ಲೈಸೆನ್ಸ್‌ನಲ್ಲಿ ಓಡಿಸಬಹುದು. ಅದೂ ಬರೀ ಕಾರ್ಡ್ ಸಾಲದು. ಜೊತೆಗೆ ಜರ್ಮನ್ ಅನುವಾದ ಇರಬೇಕು, ಇಲ್ಲವೇ ಊರಿನ ಆರ್‌ಟಿಒದಲ್ಲಿ ಮಾಡಿಸಿಕೊಂಡು ಬಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಬೇಕು. ಅನುವಾದವನ್ನು ಎಡಿಎಸಿ ಎಂಬ ಇಲ್ಲಿನ ದೊಡ್ಡ ಕಾರು ಮಾಲೀಕರ ಸಂಘದವರೂ ಮಾಡಿಕೊಡುತ್ತಾರೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಪರ್ಮಿಟ್ ಮೇಲೆ ಒಂದು ವರ್ಷದ ಅವಧಿ ಬರೆದಿರುತ್ತದೆ. ಅದನ್ನು ನೋಡಿ ಒಂದು ವರ್ಷ ಓಡಿಸಬಹುದು ಅಂದುಕೊಳ್ಳುತ್ತಾರೆ. ಆರು ತಿಂಗಳ ಗಡುವು ಪರ್ಮಿಟ್‌ನಿಂದ ಬದಲಾಗುವುದಿಲ್ಲ. ಇಲ್ಲಿ ಒಂದು ವರ್ಷಕ್ಕಿಂತ ಕಡಿಮೆ ಇರುತ್ತೇನೆ ಎಂದು ದಾಖಲೆ ತೋರಿಸಿದವರಿಗೆ ಮಾತ್ರ ಅರ್ಜಿಯ ಮೇಲೆ ವಿಸ್ತರಣೆ ಸಿಗುತ್ತದೆ. ಗಡುವು ಮುಗಿದ ಮೇಲೆ ಓಡಿಸಿದರೆ ಅದು ದಂಡ ಕಟ್ಟಿ ಮುಗಿಯುವ ತಪ್ಪಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧ, ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಆ ಹೊತ್ತಿನಲ್ಲಿ ಅಪಘಾತವಾದರೆ ವಿಮೆ ಕಂಪನಿ ಎದುರಿನವರಿಗೆ ಪರಿಹಾರ ಕೊಟ್ಟು, ನಿಮ್ಮಿಂದ 5,000 ಯೂರೋವರೆಗೆ ವಸೂಲಿ ಮಾಡಬಹುದು. ವೀಸಾ ಮೇಲೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಯಾವ ದೇಶಗಳ ಲೈಸೆನ್ಸನ್ನು ಇಲ್ಲಿ ನೇರವಾಗಿ ಬದಲಾಯಿಸಿಕೊಡುತ್ತಾರೋ ಆ ಪಟ್ಟಿಯಲ್ಲಿ ಭಾರತ ಇಲ್ಲ. ಆದ್ದರಿಂದ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡೂ ಕೊಡಲೇಬೇಕು. ಸಮಾಧಾನದ ವಿಷಯ ಏನೆಂದರೆ, ಹೊಸಬರಿಗಿರುವಂತೆ ಇಷ್ಟೇ ಕ್ಲಾಸ್‌ಗೆ ಹೋಗಬೇಕೆಂಬ ಕಡ್ಡಾಯ ನಿಮಗಿಲ್ಲ. ಕಣ್ಣಿನ ಪರೀಕ್ಷೆ, ಒಂದು ದಿನದ ಪ್ರಥಮ ಚಿಕಿತ್ಸೆ ಕೋರ್ಸ್, ಡ್ರೈವಿಂಗ್ ಸ್ಕೂಲಿನ ಹೆಸರು, ಭಾರತದ ಲೈಸೆನ್ಸ್ ಇಷ್ಟಿಟ್ಟು ಅರ್ಜಿ ಹಾಕಬೇಕು. ಲಿಖಿತ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು: 30 ಪ್ರಶ್ನೆ, ತಪ್ಪಿನ ಅಂಕ 10 ದಾಟಬಾರದು. ರಸ್ತೆ ಪರೀಕ್ಷೆಯಲ್ಲಿ ಪರೀಕ್ಷಕರು ಜರ್ಮನ್‌ನಲ್ಲೇ ಹೇಳುತ್ತಾರೆ. ಎಡ, ಬಲ, ಮುಂದಿನ ತಿರುವು ಇಷ್ಟು ಕಲಿತರೆ ನಡೆಯುತ್ತದೆ. ಹತ್ತು ವರ್ಷ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಓಡಿಸಿದವರೂ ಇಲ್ಲಿ ಫೇಲ್ ಆಗುವುದು ಸಾಮಾನ್ಯ. ಕಾರಣ ಹೆಚ್ಚಾಗಿ ಎರಡು. ಲೇನ್ ಬದಲಿಸುವಾಗ ಕುತ್ತಿಗೆ ತಿರುಗಿಸಿ ಹಿಂದೆ ನೋಡದಿರುವುದು ಒಂದು. ಬೋರ್ಡ್ ಇಲ್ಲದ ಅಡ್ಡರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬ ನಿಯಮ ಮರೆಯುವುದು ಇನ್ನೊಂದು. ಅದಕ್ಕೇ ಒಂದಷ್ಟು ಕ್ಲಾಸ್ ತೆಗೆದುಕೊಳ್ಳುವುದು ಒಳ್ಳೆಯದು.

ಅರ್ಜಿಗೆ ಉತ್ತರ ಬರಲು, ಪರೀಕ್ಷೆಯ ದಿನ ಸಿಗಲು ವಾರಗಳೇ ಹಿಡಿಯುತ್ತವೆ. ಆದ್ದರಿಂದ ವಿಳಾಸ ನೋಂದಣಿ ಆದ ತಿಂಗಳಲ್ಲೇ ಅರ್ಜಿ ಹಾಕಿ. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಲೈಸೆನ್ಸ್ ಅದಕ್ಕಷ್ಟೇ ಸೀಮಿತವಾಗಬಹುದು. ಹಳೇ ಕಾರುಗಳಲ್ಲಿ, ಅದರಲ್ಲೂ ಅಗ್ಗದವುಗಳಲ್ಲಿ ಗೇರ್ ಕಾರೇ ಜಾಸ್ತಿ. ಇದನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಮೊದಲೇ ಮಾತಾಡಿಕೊಳ್ಳಿ.

ವಿಮೆ ಎಷ್ಟು ಬರುತ್ತದೆ ಅಂತ ಕೇಳಿ, ಆಮೇಲೆ ಕಾರು ನೋಡಿ

ಹೊಸದಾಗಿ ಬಂದ ಹುಡುಗರು ಫೋನ್ ಮಾಡುತ್ತಾರೆ. "ಅಣ್ಣಾ, ಒಳ್ಳೇ ಗಾಲ್ಫ್ ಕಾರು ಸಿಕ್ಕಿದೆ, ನಾಳೇನೇ ದುಡ್ಡು ಕೊಡಬೇಕಂತೆ. ತಗೊಂಡುಬಿಡ್ಲಾ?" ನಾನು ಕೇಳುವುದು ಒಂದೇ: "ಇನ್ಶೂರೆನ್ಸ್ ಎಷ್ಟು ಬರುತ್ತೆ ನೋಡಿದ್ಯಾ?" ಆ ಕಡೆ ಸದ್ದಿರುವುದಿಲ್ಲ. ಮೂರು ಸಾವಿರ ಯೂರೋ ಕಾರಿಗೆ ವರ್ಷಕ್ಕೆ ಸಾವಿರ ಯೂರೋ ದಾಟಿದ ವಿಮೆ ಬರುವುದು ಹೊಸಬರ ಪಾಲಿಗೆ ಅಪರೂಪವೇನಲ್ಲ.

ಯಾಕೆ ಅಂದರೆ ಇಲ್ಲಿ ಎಸ್‌ಎಫ್ ಕ್ಲಾಸ್ ಎಂಬ ಲೆಕ್ಕವಿದೆ. ಕ್ಲೇಮ್ ಇಲ್ಲದೆ ಎಷ್ಟು ವರ್ಷ ಕಳೆದಿರಿ ಎಂಬುದರ ಮೇಲೆ ಮೆಟ್ಟಿಲು, ಮೇಲೆ ಹೋದಷ್ಟೂ ಕಂತು ಕಡಿಮೆ. ಲೈಸೆನ್ಸ್ ಮೂರು ವರ್ಷವೂ ಆಗಿಲ್ಲದವರು ಸೊನ್ನೆಯಲ್ಲಿ, ಮೂರು ವರ್ಷ ದಾಟಿದವರು ಸಾಮಾನ್ಯವಾಗಿ ಅರ್ಧದಲ್ಲಿ ಶುರು ಮಾಡುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಕ್ಲೇಮ್ ಮಾಡದ ಜರ್ಮನ್ ಸಹೋದ್ಯೋಗಿ ಅದೇ ಕಾರಿಗೆ ನಿಮ್ಮ ಕಾಲು ಭಾಗದಷ್ಟು ಕಟ್ಟುತ್ತಿದ್ದರೆ ಆಶ್ಚರ್ಯಪಡಬೇಡಿ.

ಇಲ್ಲಿ ಮೂರು ಕೆಲಸ ಮಾಡಬಹುದು. ಒಂದು, ಭಾರತದ ಲೈಸೆನ್ಸ್‌ನ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುತ್ತೀರಾ ಎಂದು ಪ್ರತಿ ಕಂಪನಿಯನ್ನೂ ಕೇಳಿ. ಕೆಲವರು ಹಿಡಿಯುತ್ತಾರೆ, ಕೆಲವರು ಇಲ್ಲ. ಫೋನಿನಲ್ಲಿ ಹೌದು ಅಂದರೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಎರಡು, ಊರಿನ ವಿಮೆ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ತರಿಸಿಕೊಳ್ಳಿ. ಹೆಚ್ಚಿನವರು ಒಪ್ಪುವುದಿಲ್ಲ, ಆದರೂ ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ. ದುಬೈಯಲ್ಲೋ ಇಂಗ್ಲೆಂಡಿನಲ್ಲೋ ಇದ್ದು ಬಂದವರು ಅಲ್ಲಿನ ಪತ್ರವನ್ನೂ ತೋರಿಸಿ. ಮೂರು, ತಿಂಗಳು ನೋಡಿ ಕಾರು ರಿಜಿಸ್ಟರ್ ಮಾಡಿಸಿ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ ಆರು ತಿಂಗಳು ವಿಮೆ ಇದ್ದರೆ ಮುಂದಿನ ಜನವರಿಗೆ ಒಂದು ಮೆಟ್ಟಿಲು ಮೇಲೆ ಹೋಗುತ್ತೀರಿ. ಜೂನ್ ಕೊನೆಯಲ್ಲಿ ಮುಗಿಸಬಹುದಾದ ಕೆಲಸವನ್ನು ಜುಲೈ ಮಧ್ಯಕ್ಕೆ ತಳ್ಳಿದರೆ ಆ ಮೆಟ್ಟಿಲಿಗೆ ಇನ್ನೊಂದು ವರ್ಷ ಕಾಯಬೇಕು.

ಇನ್ನು ಕಾರಿನ ಕಡೆಯ ಲೆಕ್ಕ. ಪ್ರತಿ ಮಾದರಿಗೂ ಟ್ಯೂಪ್‌ಕ್ಲಾಸ ಎಂಬ ದರ್ಜೆ ಇದೆ. ಆ ಮಾದರಿಯ ಗಾಡಿಗಳು ಎಷ್ಟು ಅಪಘಾತ ಮಾಡುತ್ತವೆ ಎಂಬುದರ ಮೇಲೆ ಇದು ನಿಲ್ಲುತ್ತದೆ. ಥರ್ಡ್ ಪಾರ್ಟಿ ವಿಮೆಗೆ ಈ ದರ್ಜೆ 10ರಿಂದ 25ರವರೆಗೆ ಇರುತ್ತದೆ. ಎಳೆಯ ಹುಡುಗರು ಇಷ್ಟಪಡುವ, ಬಿರುಸಾಗಿ ಓಡುವ ಕಾರುಗಳು ಸಾಮಾನ್ಯವಾಗಿ ಮೇಲಿನ, ಅಂದರೆ ದುಬಾರಿ ದರ್ಜೆಯಲ್ಲಿರುತ್ತವೆ. ಊರಿಗೂ ಒಂದು ದರ್ಜೆ ಇದೆ. ಬರ್ಲಿನ್‌ನಂಥ ದೊಡ್ಡ ಊರಲ್ಲಿ ಜಾಸ್ತಿ, ಹಳ್ಳಿಯ ಜಿಲ್ಲೆಗಳಲ್ಲಿ ಕಡಿಮೆ.

ಕಾರು ಇಷ್ಟವಾದ ತಕ್ಷಣ ಮಾರುವವರಿಂದ ಆರ್‌ಸಿಯ ಫೋಟೋ ಕೇಳಿ. ಅದರಲ್ಲಿ 2.1 ಮತ್ತು 2.2 ಎಂಬ ಕಾಲಂಗಳಿರುತ್ತವೆ. ಮೊದಲನೆಯದು ಕಂಪನಿಯ ನಾಲ್ಕಂಕಿ ಸಂಖ್ಯೆ, ಎರಡನೆಯದು ಮಾದರಿಯ ಕೋಡ್. ಈ ಎರಡನ್ನು ಚೆಕ್24 ಅಥವಾ ವೆರಿವಾಕ್ಸ್ ತಾಣದಲ್ಲಿ ಹಾಕಿದರೆ ಅದೇ ಗಾಡಿಗೆ ವಿಮೆ ಎಷ್ಟೆಂದು ತೋರಿಸುತ್ತದೆ. ಅಲ್ಲಿ ಎಲ್ಲ ಕಂಪನಿಗಳೂ ಇರುವುದಿಲ್ಲ, ಒಂದೆರಡು ದೊಡ್ಡ ಕಂಪನಿಗಳ ತಾಣಕ್ಕೆ ನೇರವಾಗಿಯೂ ಹೋಗಿ ನೋಡಿ. ಎರಡು ಕಾರುಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಈ ಒಂದು ಲೆಕ್ಕವೇ ತೀರ್ಮಾನ ಮಾಡಿಬಿಡುತ್ತದೆ.

ಎಷ್ಟು ವಿಮೆ ಬೇಕು? ಹಾಫ್ಟ್‌ಫ್ಲಿಷ್ಟ್ ಕಡ್ಡಾಯ. ನಮ್ಮ ಥರ್ಡ್ ಪಾರ್ಟಿ ಇದ್ದಂತೆ ಇದು ಎದುರಿನವರ ನಷ್ಟವನ್ನು ಮಾತ್ರ ತುಂಬುತ್ತದೆ. ಕವರ್ ಮೊತ್ತ 10 ಕೋಟಿ ಯೂರೋ ಇರುವ ಪಾಲಿಸಿಯನ್ನೇ ಆರಿಸಿ, ಕಂತಿನಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಟೈಲ್‌ಕಾಸ್ಕೊ ಅಂದರೆ ಕಳ್ಳತನ, ಬೆಂಕಿ, ಬಿರುಗಾಳಿ, ಆಲಿಕಲ್ಲು, ಗಾಜು ಒಡೆಯುವುದು, ಕಾಡುಪ್ರಾಣಿಗೆ ಡಿಕ್ಕಿ, ಇವುಗಳಿಂದ ನಿಮ್ಮ ಕಾರಿಗಾದ ನಷ್ಟಕ್ಕೆ ವಿಮೆ. ಫೋಲ್‌ಕಾಸ್ಕೊದಲ್ಲಿ ಇವೆಲ್ಲದರ ಜೊತೆ ನಿಮ್ಮ ತಪ್ಪಿನಿಂದ ನಿಮ್ಮ ಕಾರಿಗಾದ ಪೆಟ್ಟೂ ಸೇರುತ್ತದೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ನಾಲ್ಕೈದು ಸಾವಿರ ಯೂರೋದ ಹಳೇ ಕಾರಿಗೆ ಫೋಲ್‌ಕಾಸ್ಕೊ ಸುಮ್ನೆ ದಂಡ. ಆದರೆ ಟೈಲ್‌ಕಾಸ್ಕೊ ಬಿಡಬೇಡಿ. ದಕ್ಷಿಣ ಜರ್ಮನಿಯ ಆಲಿಕಲ್ಲು ಮಳೆ ಒಂದೇ ಸಂಜೆಯಲ್ಲಿ ಇಡೀ ಬಾನೆಟ್ಟನ್ನು ತಗ್ಗು ತಗ್ಗು ಮಾಡಿಬಿಡುತ್ತದೆ. ಬೆಂಗಳೂರಿನಲ್ಲಿ ಇಲಿ ವೈರ್ ಕಡಿಯುವಂತೆ ಇಲ್ಲಿ ಮಾರ್ಡರ್ ಎಂಬ ಮುಂಗುಸಿ ಗಾತ್ರದ ಪ್ರಾಣಿ ಬಾನೆಟ್ ಒಳಗೆ ಸೇರಿ ಕೇಬಲ್ಲು, ರಬ್ಬರ್ ಪೈಪು ಕಡಿಯುತ್ತದೆ. ಪಾಲಿಸಿಯಲ್ಲಿ ಕಡಿದ ವೈರಿನ ಖರ್ಚು ಮಾತ್ರ ಇದೆಯಾ, ಅದರಿಂದ ಎಂಜಿನ್‌ಗೆ ಆದ ಮುಂದಿನ ಹಾನಿಯೂ ಸೇರಿದೆಯಾ ನೋಡಿ. ಹಾಗೆಯೇ ಕಾಡುಹಂದಿ, ಜಿಂಕೆ ಮಾತ್ರವಲ್ಲದೆ ಎಲ್ಲ ಪ್ರಾಣಿಗಳ ಡಿಕ್ಕಿಯೂ ಸೇರಿರಲಿ. ಪ್ರತಿ ಕ್ಲೇಮ್‌ನಲ್ಲಿ ನಿಮ್ಮ ಪಾಲು ಟೈಲ್‌ಕಾಸ್ಕೊಗೆ 150 ಯೂರೋ, ಫೋಲ್‌ಕಾಸ್ಕೊಗೆ 300 ಯೂರೋ ಎಂದು ಇಡುವುದು ಇಲ್ಲಿ ರೂಢಿ.

ಅರ್ಜಿಯಲ್ಲಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂದು ಕೇಳುತ್ತಾರೆ, ಯಾರು ಯಾರು ಓಡಿಸುತ್ತಾರೆ ಎಂದೂ ಕೇಳುತ್ತಾರೆ. ಕಂತು ಕಡಿಮೆಯಾಗಲಿ ಅಂತ ಸುಳ್ಳು ಬರೆಯಬೇಡಿ. ಹೆಂಡತಿಯೋ ಗಂಡನೋ ಓಡಿಸುವುದಿದ್ದರೆ ಹೆಸರು ಸೇರಿಸಿ. ಊರಿಂದ ಬಂದ ತಮ್ಮ ಎರಡು ದಿನ ಓಡಿಸುತ್ತಾನೆ ಅಂದರೂ ಕಂಪನಿಗೆ ಒಂದು ಮಾತು ತಿಳಿಸಿ. ಹೆಸರಿಲ್ಲದವರು ಗುದ್ದಿದರೆ ಎದುರಿನವರಿಗೆ ಪರಿಹಾರ ಸಿಗುತ್ತದೆ, ನಿಮಗೆ ದಂಡದ ಕಂತು ಬರುತ್ತದೆ. ತಿಂಗಳು ತಿಂಗಳು ಕಟ್ಟುವುದಕ್ಕಿಂತ ವರ್ಷಕ್ಕೊಮ್ಮೆ ಕಟ್ಟಿದರೆ ಅಗ್ಗ.

ಜಾಹೀರಾತು ಓದುವುದು

ಮೊಬಿಲೆ.ಡಿಇ, ಆಟೊಸ್ಕೌಟ್24, ಕ್ಲೈನ್‌ಆನ್‌ಟ್ಸೈಗನ್. ಈ ಮೂರು ತಾಣಗಳಲ್ಲಿ ಹುಡುಕಿದರೆ ಸಾಕು. ಜಾಹೀರಾತಿನ ಭಾಷೆ ಗೊತ್ತಿದ್ದರೆ ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ. "ಉನ್‌ಫಾಲ್‌ಫ್ರೈ" ಅಂದರೆ ಅಪಘಾತವಾಗಿಲ್ಲ. "ಷೆಕ್‌ಹೆಫ್ಟ್‌ಗೆಫ್ಲೆಗ್ಟ್" ಅಂದರೆ ಸರ್ವಿಸ್ ಪುಸ್ತಕ ತುಂಬಿದೆ. "ಅಖ್ಟ್‌ಫಾಖ್ ಬೆರೈಫ್ಟ್" ಅಂದರೆ ಬೇಸಿಗೆಗೆ ನಾಲ್ಕು, ಚಳಿಗಾಲಕ್ಕೆ ನಾಲ್ಕು, ಒಟ್ಟು ಎಂಟು ಟೈರ್ ಕೊಡುತ್ತಾರೆ. ಇದು ನೂರಾರು ಯೂರೋ ಉಳಿಸುವ ಮಾತು. "ವಿಬಿ" ಎಂದಿದ್ದರೆ ಚೌಕಾಸಿಗೆ ಜಾಗವಿದೆ, "ಫೆಸ್ಟ್‌ಪ್ರೈಸ್" ಎಂದಿದ್ದರೆ ಇಲ್ಲ. "ಬಾಸ್ಟ್‌ಲರ್‌ಫಾರ್ಟ್ಸೊಯ್ಗ್" ಕಂಡರೆ ಮುಂದಕ್ಕೆ ಹೋಗಿ. ಅದು ಬಿಚ್ಚಿ ರಿಪೇರಿ ಮಾಡುವವರಿಗೆ ಇಟ್ಟ ಗಾಡಿ.

ಚೌಕಾಸಿ ಬಗ್ಗೆ ಒಂದು ಮಾತು. ಗಾಡಿ ನೋಡದೆಯೇ ಲಾಸ್ಟ್ ಪ್ರೈಸ್ ಎಷ್ಟು ಅಂತ ಮೆಸೇಜ್ ಹಾಕಬೇಡಿ. ಇಲ್ಲಿನ ಮಾಲೀಕರಿಗೆ ಇದರಷ್ಟು ಕಿರಿಕಿರಿಯ ಮಾತು ಇನ್ನೊಂದಿಲ್ಲ, ಉತ್ತರವೇ ಬರುವುದಿಲ್ಲ. ಹೆಸರು ಹೇಳಿ, ಎರಡು ಸಾಲು ಮರ್ಯಾದೆಯಿಂದ ಬರೆದು, ಯಾವಾಗ ಬಂದು ನೋಡಬಹುದು ಎಂದು ಕೇಳಿ. ಬೆಲೆ ಮಾತು ಗಾಡಿಯ ಪಕ್ಕ ನಿಂತಾಗ, ಸವೆದ ಟೈರು ತೋರಿಸಿಕೊಂಡು.

ಡೀಸೆಲ್ ಕೊಳ್ಳುವವರು ಹೊಗೆ ದರ್ಜೆ ನೋಡಲೇಬೇಕು. ಸ್ಟುಟ್‌ಗಾರ್ಟ್‌ನಲ್ಲಿ 2019ರಿಂದ, ಮ್ಯೂನಿಕ್‌ನ ಮಿಟ್ಲರರ್ ರಿಂಗ್ ಎಂಬ ರಿಂಗ್ ರೋಡಿನ ಒಳಗೆ 2023ರ ಫೆಬ್ರವರಿಯಿಂದ ಯೂರೋ 4 ಎಂಬ ಹೊಗೆ ದರ್ಜೆಯ ಮತ್ತು ಅದಕ್ಕಿಂತ ಹಳೆಯ ಡೀಸೆಲ್ ಕಾರುಗಳಿಗೆ ನಿರ್ಬಂಧ ಬಂತು. ಅಂಥ ಡೀಸೆಲ್ ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ತೆರಿಗೆಯೂ ಡೀಸೆಲ್‌ಗೆ ಜಾಸ್ತಿ: ಪ್ರತಿ 100 ಸಿಸಿಗೆ ಪೆಟ್ರೋಲ್‌ಗೆ 2 ಯೂರೋ, ಡೀಸೆಲ್‌ಗೆ 9.50. ಅದರ ಮೇಲೆ ಇಂಗಾಲದ ಡೈಆಕ್ಸೈಡ್ ಲೆಕ್ಕ. 2014ರಿಂದ 2020ರ ಒಳಗೆ ಮೊದಲ ಸಲ ರಿಜಿಸ್ಟರ್ ಆದ 1200 ಸಿಸಿ ಪೆಟ್ರೋಲ್ ಕಾರು ಕಿಲೋಮೀಟರಿಗೆ 115 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಅಂದುಕೊಳ್ಳಿ. 95ರ ಮೇಲಿನ 20 ಗ್ರಾಂಗೆ ಎರಡೆರಡು ಯೂರೋದಂತೆ 40, ಎಂಜಿನ್‌ಗೆ 24, ವರ್ಷಕ್ಕೆ 64 ಯೂರೋ. ಅದೇ ಕಾಲದ 1600 ಸಿಸಿ ಡೀಸೆಲ್ 110 ಗ್ರಾಂ ಬಿಟ್ಟರೂ 182 ಯೂರೋ ಆಗುತ್ತದೆ. ದಿನಾ ನೂರು ಕಿಲೋಮೀಟರ್ ಆಟೊಬಾನ್ ಹೆದ್ದಾರಿಯಲ್ಲಿ ಹೋಗಿಬರುವವರಿಗೆ ಮಾತ್ರ ಡೀಸೆಲ್ ಸರಿ.

ಡೀಲರಾ, ಮಾಲೀಕರಾ? ಡೀಲರ್ ಬಳಿ ಬೆಲೆ ಜಾಸ್ತಿ, ಆದರೆ ಕಾನೂನಿನ ಬೆಂಬಲವಿದೆ. ಕಾರಿನಲ್ಲಿ ಮೊದಲೇ ಇದ್ದ ದೋಷಕ್ಕೆ ಡೀಲರ್ ಕನಿಷ್ಠ ಒಂದು ವರ್ಷ ಹೊಣೆ. 2022ರಿಂದ ಈಚೆಗೆ ಮೊದಲ 12 ತಿಂಗಳಲ್ಲಿ ದೋಷ ಕಾಣಿಸಿದರೆ ಅದು ಕೊಡುವಾಗ ಇರಲಿಲ್ಲ ಎಂದು ಅವರೇ ಸಾಬೀತು ಮಾಡಬೇಕು. ಖಾಸಗಿ ಮಾಲೀಕರು ಈ ಹೊಣೆಯನ್ನು ಕರಾರಿನಲ್ಲೇ ತೆಗೆದುಹಾಕಬಹುದು, ಎಲ್ಲರೂ ತೆಗೆದುಹಾಕುತ್ತಾರೆ. ಆಮೇಲೆ ಅವರು ಬೇಕೆಂದೇ ದೋಷ ಮುಚ್ಚಿಟ್ಟರು ಎಂದು ನೀವು ತೋರಿಸಬೇಕು, ಅದು ಕಷ್ಟ. ರಸ್ತೆ ಪಕ್ಕದ ಕೆಲವು ಚಿಕ್ಕ ಡೀಲರ್‌ಗಳು ಇದು ಗ್ರಾಹಕರ ಪರವಾಗಿ ಮಾರುತ್ತಿರುವ ಗಾಡಿ ಎಂದು ಬರೆದು ಕೈತೊಳೆದುಕೊಳ್ಳಲು ನೋಡುತ್ತಾರೆ. ಕರಾರಿನಲ್ಲಿ ಮಾರುವವರ ಹೆಸರು ಯಾರದ್ದು ಎಂದು ಓದಿ. ಭಾಷೆ ಬಾರದ, ಪರಿಚಯದ ಮೆಕ್ಯಾನಿಕ್ ಇಲ್ಲದ ಹೊಸಬರಿಗೆ ನಾನು ಡೀಲರನ್ನೇ ಹೇಳುತ್ತೇನೆ, ಐದಾರು ನೂರು ಯೂರೋ ಜಾಸ್ತಿಯಾದರೂ.

ಒಂದು ಮೋಸ ವರ್ಷಗಳಿಂದ ನಡೆಯುತ್ತಲೇ ಇದೆ. ಬೆಲೆ ಅರ್ಧ, ಫೋಟೋ ಚೆಂದ, ಮಾಲೀಕರು ಬೇರೆ ದೇಶಕ್ಕೆ ಹೋಗಿದ್ದಾರೆ, ಸಾಗಣೆ ಕಂಪನಿಗೆ ಮೊದಲು ದುಡ್ಡು ಹಾಕಿದರೆ ಗಾಡಿ ಮನೆಗೇ ಬರುತ್ತದೆ. ಗಾಡಿ ಬರುವುದಿಲ್ಲ. ಕಣ್ಣಲ್ಲಿ ನೋಡದ ಕಾರಿಗೆ ಒಂದು ಯೂರೋ ಅಡ್ವಾನ್ಸನ್ನೂ ಕೊಡಬೇಡಿ.

ಗಾಡಿ ನೋಡುವ ದಿನ

ಹಗಲಲ್ಲಿ, ಮಳೆ ಇಲ್ಲದಾಗ ಹೋಗಿ. ಒದ್ದೆ ಬಾಡಿಯ ಮೇಲೆ ಗೀರು, ಪೇಂಟಿಂಗ್ ಮಾಡಿಸಿದ ಗುರುತು ಕಾಣುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಎಂದು ಮೊದಲೇ ಹೇಳಿರಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬರುವ ಸದ್ದನ್ನೋ ಹೊಗೆಯನ್ನೋ ಮುಚ್ಚುತ್ತಿರಬಹುದು.

ಮೊದಲು ಹಿಂದಿನ ನಂಬರ್ ಪ್ಲೇಟ್ ಹತ್ತಿರ ಬಗ್ಗಿ. ಅಲ್ಲೊಂದು ಬಣ್ಣದ ದುಂಡು ಸ್ಟಿಕ್ಕರ್ ಇದೆ. ನಡುವಿನ ಅಂಕಿ ವರ್ಷ, ತುತ್ತ ತುದಿಯಲ್ಲಿ ಮೇಲಕ್ಕೆ ನಿಂತ ಅಂಕಿ ತಿಂಗಳು. ಮುಂದಿನ ತಪಾಸಣೆ ಯಾವಾಗ ಎಂದು ಅದು ಹೇಳುತ್ತದೆ. ನಮ್ಮ ಎಫ್‌ಸಿಯಂಥ ಈ ತಪಾಸಣೆಯನ್ನು ಜನ ಅದನ್ನು ಮಾಡುವ ಸಂಸ್ಥೆಯ ಹೆಸರಲ್ಲೇ ಟ್ಯೂಫ್ ಎನ್ನುತ್ತಾರೆ, ಡೆಕ್ರಾ ಮುಂತಾದ ಸಂಸ್ಥೆಯವರೂ ಮಾಡುತ್ತಾರೆ. ಹಳೇ ಕಾರಿಗೆ ಎರಡು ವರ್ಷಕ್ಕೊಮ್ಮೆ. ಇನ್ನೆರಡು ತಿಂಗಳಲ್ಲಿ ಮುಗಿಯುವ ಗಾಡಿಯಾದರೆ, ನೀವೇ ಮಾಡಿಸಿ ಕೊಡಿ, ಆಮೇಲೆ ತೆಗೆದುಕೊಳ್ಳುತ್ತೇನೆ ಎನ್ನಿ. ಗಾಡಿ ಚೆನ್ನಾಗಿದ್ದರೆ ಅವರು ಹಿಂಜರಿಯುವುದಿಲ್ಲ.

ಆಮೇಲೆ ಹಳೇ ತಪಾಸಣೆ ವರದಿಗಳನ್ನು ಕೇಳಿ. ಇದು ನನ್ನ ಪ್ರಕಾರ ಇಡೀ ವ್ಯಾಪಾರದ ಅತಿ ಮುಖ್ಯ ಕಾಗದ. ಪ್ರತಿ ವರದಿಯಲ್ಲೂ ಆ ದಿನದ ಕಿಲೋಮೀಟರ್ ಬರೆದಿರುತ್ತದೆ. 2019ರಲ್ಲಿ 98,000, 2021ರಲ್ಲಿ 1,21,000, 2023ರಲ್ಲಿ 1,18,000 ಎಂದಿದ್ದರೆ ಮೀಟರ್ ತಿರುಗಿಸಿದ್ದಾರೆ ಎನ್ನಲು ಬೇರೆ ಸಾಕ್ಷಿ ಬೇಕಾ? ಸರ್ವಿಸ್ ಪುಸ್ತಕದ ಅಂಕಿಗಳನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಪುಸ್ತಕದ ಎಲ್ಲ ಸೀಲೂ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿದ್ದರೆ ಆ ಗ್ಯಾರೇಜಿಗೆ ಫೋನ್ ಮಾಡಿ ವಿಚಾರಿಸಿ. ಹಳೇ ವರದಿ ಕಳೆದುಹೋಗಿದೆ ಅಂದರೆ ನಾನಂತೂ ಎದ್ದು ಬರುತ್ತೇನೆ.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ದೇಶ ಇದು. ಚಕ್ರದ ಮೇಲಿನ ಕಮಾನಿನ ಒಳಅಂಚು, ಬಾಗಿಲ ಕೆಳಗಿನ ಉದ್ದ ಪಟ್ಟಿ, ಎರಡನ್ನೂ ಬೆರಳಾಡಿಸಿ ನೋಡಿ. ಮೇಲ್ಮೈ ತುಕ್ಕು ಪರವಾಗಿಲ್ಲ, ಒತ್ತಿದರೆ ಕುಸಿಯುವ ತುಕ್ಕು ಬೇಡ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟೈರು. ಚಳಿಗಾಲದ ಟೈರಿನ ಮೇಲೆ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರಲೇಬೇಕು. ಹಿಮ ಬಿದ್ದ ರಸ್ತೆಯಲ್ಲಿ ಬೇಸಿಗೆ ಟೈರಿನಲ್ಲಿ ಸಿಕ್ಕಿಬಿದ್ದರೆ 60 ಯೂರೋ ದಂಡ, ಜೊತೆಗೆ ಲೈಸೆನ್ಸ್ ಮೇಲೆ ತಪ್ಪಿನ ಒಂದು ಪಾಯಿಂಟ್.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿ, ಬಿಲ್ ತೋರಿಸಲಿ. ಅದು ಓಡುತ್ತಿರುವಾಗ ತುಂಡಾದರೆ ಎಷ್ಟೋ ಎಂಜಿನ್‌ಗಳು ಅಲ್ಲಿಗೇ ಮುಗಿದವು. ಟೆಸ್ಟ್ ಡ್ರೈವ್ ಬರೀ ಬೀದಿ ಸುತ್ತುವುದಾಗಬಾರದು. ಆಟೊಬಾನ್‌ಗೆ ಹತ್ತಿ 120ರವರೆಗೆ ಹೋಗಿ, ಸ್ಟೀರಿಂಗ್ ನಡುಗುತ್ತದಾ ನೋಡಿ, ಖಾಲಿ ಜಾಗದಲ್ಲಿ ಬ್ರೇಕ್ ಒತ್ತಿ ಗಾಡಿ ಒಂದು ಕಡೆ ಎಳೆಯುತ್ತದಾ ಗಮನಿಸಿ. ಹೊರಡುವ ಮುಂಚೆ ಈ ಕಾರಿನ ವಿಮೆಯಲ್ಲಿ ಬೇರೆಯವರು ಓಡಿಸಬಹುದಾ ಎಂದು ಮಾಲೀಕರನ್ನು ಕೇಳುವುದು ಮರೆಯಬೇಡಿ.

ಇದೆಲ್ಲ ನಿಮ್ಮಿಂದ ಆಗದು ಅನಿಸಿದರೆ ಡೆಕ್ರಾ, ಟ್ಯೂಫ್ ಅಥವಾ ಎಡಿಎಸಿ ಕೇಂದ್ರದಲ್ಲಿ ಹಳೇ ಕಾರಿನ ತಪಾಸಣೆ ಮಾಡಿಸಿ. ನೂರು ಯೂರೋ ಆಸುಪಾಸು ಅಥವಾ ಸ್ವಲ್ಪ ಜಾಸ್ತಿ ಆಗುತ್ತದೆ. ಅಲ್ಲಿಗೆ ಗಾಡಿ ತರಲು ಒಪ್ಪದ ಮಾಲೀಕರಿಂದ ಕೊಳ್ಳುವ ಅಗತ್ಯವಿಲ್ಲ.

ಕರಾರು ಮತ್ತು ದುಡ್ಡು

ಇಲ್ಲಿ ಆರ್‌ಸಿ ಎರಡು ಭಾಗದಲ್ಲಿದೆ. ಫಾರ್ಟ್ಸೊಯ್ಗ್‌ಶೈನ್ ಗಾಡಿಯ ಜೊತೆ ಇರುವ ಕಾಗದ, ಫಾರ್ಟ್ಸೊಯ್ಗ್‌ಬ್ರೀಫ್ ಮನೆಯಲ್ಲಿ ಭದ್ರವಾಗಿಡುವ ಕಾಗದ. ಎರಡನೆಯದರ ಮೂಲಪ್ರತಿ ಕೈಗೆ ಸಿಗದೆ ದುಡ್ಡು ಕೊಡಬೇಡಿ. ಸಾಲ ತೀರದ ಗಾಡಿಯಾದರೆ ಅದು ಬ್ಯಾಂಕಿನಲ್ಲಿರುತ್ತದೆ. ಅದರಲ್ಲಿರುವ ಹೆಸರು, ಮಾರುವವರ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಬೇರೆಯಾಗಿದ್ದರೆ ಮಾಲೀಕರು ಕೊಟ್ಟ ಅಧಿಕಾರ ಪತ್ರ ಕೇಳಿ. ಚಾಸಿ ನಂಬರನ್ನು ಗಾಡಿಯ ಮೇಲೆ ಹುಡುಕಿ ಕಾಗದದ ಜೊತೆ ಅಂಕಿ ಅಂಕಿ ಹೋಲಿಸಿ.

ಕರಾರಿನ ನಮೂನೆ ಎಡಿಎಸಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಎರಡು ಪ್ರತಿ ಪ್ರಿಂಟ್ ಮಾಡಿಕೊಂಡು ಹೋಗಿ. ಅಪಘಾತವಾಗಿಲ್ಲ, ಇಷ್ಟೇ ಕಿಲೋಮೀಟರ್ ಓಡಿದೆ, ಇಷ್ಟು ಕೀಲಿ ಕೊಟ್ಟಿದ್ದೇನೆ ಎಂದು ಅವರು ಬಾಯಲ್ಲಿ ಹೇಳಿದ್ದೆಲ್ಲ ಅದರಲ್ಲಿ ಬರಲಿ. ಕೊಟ್ಟ ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಯಿರಿ. ಬೆಳಗ್ಗೆ ಅವರು ಸ್ಪೀಡಾಗಿ ಹೋಗಿ ಬಿದ್ದ ದಂಡ ನಿಮ್ಮ ತಲೆಗೆ ಬರಬಾರದಲ್ವಾ? ದುಡ್ಡನ್ನು ಬ್ಯಾಂಕಿನ ಒಳಗೆ ನಗದಾಗಿ ಕೊಡಿ, ಇಲ್ಲವೇ ಎದುರಿಗೇ ನಿಂತು ತಕ್ಷಣ ತಲುಪುವ ವರ್ಗಾವಣೆ ಮಾಡಿ. ಬ್ಯಾಂಕ್ ಆ್ಯಪ್‌ನಲ್ಲಿ ದಿನದ ಮಿತಿ ಎಷ್ಟಿದೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ನಂಬರ್ ಪ್ಲೇಟ್

ವಿಮೆ ಕಂಪನಿ ಆರಿಸಿ ಅರ್ಜಿ ಹಾಕಿದರೆ ಇವಿಬಿ ಎಂಬ ಏಳು ಅಕ್ಷರದ ಕೋಡ್ ಇಮೇಲ್‌ನಲ್ಲಿ ಬರುತ್ತದೆ. ವಿಮೆ ಇದೆ ಎನ್ನುವುದಕ್ಕೆ ಅದೇ ಪುರಾವೆ, ಅದಕ್ಕೆ ಬೇರೆ ದುಡ್ಡಿಲ್ಲ. ಹಳೇ ಪ್ಲೇಟ್ ಇದ್ದಂತೆಯೇ ಕೊಂಡ ಗಾಡಿಯ ಜೊತೆ ಹಳೇ ಮಾಲೀಕರ ವಿಮೆಯೂ ನಿಮಗೆ ಬರುತ್ತದೆ. ನಿಮ್ಮ ಕೋಡ್ ಕೊಟ್ಟು ರಿಜಿಸ್ಟರ್ ಮಾಡಿಸಿದಾಗ ಅದು ತಾನಾಗಿ ನಿಲ್ಲುತ್ತದೆ. ಪ್ಲೇಟ್ ತೆಗೆಸಿದ ಗಾಡಿಯಾದರೆ ಓಡಿಸಿಕೊಂಡು ಬರುವಂತಿಲ್ಲ. ಐದು ದಿನದ ತಾತ್ಕಾಲಿಕ ಪ್ಲೇಟ್ ತೆಗೆದುಕೊಳ್ಳಬೇಕು.

ಟ್ಸುಲಾಸುಂಗ್ಸ್‌ಷ್ಟೆಲ ಅಂದರೆ ಇಲ್ಲಿನ ಆರ್‌ಟಿಒ. ಕಾರು ಖಚಿತವಾಗುವ ಮುಂಚೆಯೇ ಅಪಾಯಿಂಟ್‌ಮೆಂಟ್ ಹಿಡಿದಿಡಿ, ದೊಡ್ಡ ಊರುಗಳಲ್ಲಿ ಕಾಯಬೇಕಾಗುತ್ತದೆ. ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್, ವಿಳಾಸ ನೋಂದಣಿ ಪತ್ರ, ಆರ್‌ಸಿಯ ಎರಡೂ ಭಾಗ, ತಪಾಸಣೆ ವರದಿ, ಇವಿಬಿ ಕೋಡ್, ಹಳೇ ಪ್ಲೇಟ್, ತೆರಿಗೆ ಕಡಿತಕ್ಕೆ ಬ್ಯಾಂಕ್ ಖಾತೆಯ ಐಬ್ಯಾನ್ ಒಯ್ಯಿರಿ. ವಾಸದ ಕಾರ್ಡಿನ ಆನ್‌ಲೈನ್ ಗುರುತು ಚಾಲೂ ಮಾಡಿಸಿಕೊಂಡಿದ್ದರೆ ಮನೆಯಿಂದಲೇ ಮುಗಿಸುವ ದಾರಿಯೂ ಇದೆ. ಇಷ್ಟದ ನಂಬರ್ ಬೇಕೆಂದರೆ 10.20 ಯೂರೋ, ಮುಂಚೆಯೇ ಕಾಯ್ದಿರಿಸಿದರೆ 2.60 ಹೆಚ್ಚು. ಪ್ಲೇಟ್ ಒತ್ತುವ ಅಂಗಡಿಗಳು ಆಫೀಸಿನ ಎದುರಿಗೇ ಇರುತ್ತವೆ. ಆನ್‌ಲೈನ್‌ನಲ್ಲಿ ಅದಕ್ಕಿಂತ ಅಗ್ಗ. ಕಾರಿನ ತೆರಿಗೆಯನ್ನು ಕಸ್ಟಮ್ಸ್ ಇಲಾಖೆ ನಿಮ್ಮ ಖಾತೆಯಿಂದ ನೇರವಾಗಿ ಕಡಿದುಕೊಳ್ಳುತ್ತದೆ, ಆ ಪತ್ರ ಬಂದಾಗ ಗಾಬರಿಯಾಗಬೇಡಿ.

ಎಚ್ಚರಿಕೆಯ ತ್ರಿಕೋನ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮೂರೂ ಗಾಡಿಯಲ್ಲಿ ಇರಲೇಬೇಕು. ಪೆಟ್ಟಿಗೆಯ ಅವಧಿ ಮುಗಿದಿದೆಯಾ ನೋಡಿ.

ಓಡಿಸಲು ಶುರು ಮಾಡಿದ ಮೇಲೆ

ಹೆಚ್ಚಿನ ಪಾಲಿಸಿಗಳು ಡಿಸೆಂಬರ್ 31ಕ್ಕೆ ಮುಗಿಯುತ್ತವೆ. ಕಂಪನಿ ಬದಲಿಸಬೇಕೆಂದರೆ ನವೆಂಬರ್ 30ರೊಳಗೆ ರದ್ದತಿ ಪತ್ರ ಅವರಿಗೆ ತಲುಪಿರಬೇಕು. ಮೊದಲ ವರ್ಷ ಕ್ಲೇಮ್ ಇಲ್ಲದೆ ಮುಗಿಸಿದ ಹೊಸಬರಿಗೆ ಇದರಲ್ಲಿ ಒಳ್ಳೆ ಉಳಿತಾಯವಾಗುತ್ತದೆ. ದೇಶ ಬಿಟ್ಟು ಹೋಗುವವರು ಗಾಡಿಯ ನೋಂದಣಿ ರದ್ದು ಮಾಡಿಸಿ, ಉಳಿದ ತೆರಿಗೆ ವಾಪಸ್ ಬರುತ್ತದೆ. ವಿಮೆ ಕಂಪನಿಯಿಂದ ಕ್ಲೇಮ್ ಇಲ್ಲದ ವರ್ಷಗಳ ಪತ್ರವನ್ನೂ ಬರೆಸಿಕೊಂಡು ಹೋಗಿ, ಮತ್ತೆ ಬಂದರೆ ಬೇಕಾಗುತ್ತದೆ.

ಅಪಘಾತವಾದರೆ ಅಲ್ಲೇ ನಿಲ್ಲಿ. ಪಾರ್ಕಿಂಗ್‌ನಲ್ಲಿ ಪಕ್ಕದ ಕಾರಿಗೆ ಸಣ್ಣಗೆ ತಾಗಿದರೂ ಅಷ್ಟೇ. ವೈಪರ್ ಕೆಳಗೆ ಫೋನ್ ನಂಬರ್ ಬರೆದ ಚೀಟಿ ಸಿಕ್ಕಿಸಿ ಹೋದರೆ ಅದನ್ನು ಇಲ್ಲಿನ ಕಾನೂನು ಓಡಿಹೋದದ್ದು ಎಂದೇ ನೋಡುತ್ತದೆ, ಕ್ರಿಮಿನಲ್ ಕೇಸಾಗುತ್ತದೆ. ಮಾಲೀಕರಿಗಾಗಿ ಸ್ವಲ್ಪ ಹೊತ್ತು ಕಾಯಿರಿ, ಬರದಿದ್ದರೆ 110ಕ್ಕೆ ಫೋನ್ ಮಾಡಿ ಪೊಲೀಸರಿಗೆ ತಿಳಿಸಿ. ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು 112. ತಪ್ಪು ನನ್ನದೇ ಎಂದು ಕಾಗದದಲ್ಲಿ ಬರೆದುಕೊಡಬೇಡಿ. ಫೋಟೋ, ಎದುರಿನವರ ಹೆಸರು, ವಿಳಾಸ, ಗಾಡಿ ನಂಬರ್, ಸಾಕ್ಷಿಗಳ ಹೆಸರು ಸಾಕು. ಎದುರಿನವರ ವಿಮೆ ಯಾವ ಕಂಪನಿಯದು ಗೊತ್ತಾಗದಿದ್ದರೆ ವಿಮಾ ಕಂಪನಿಗಳ ಕೇಂದ್ರ ಸಹಾಯವಾಣಿ 0800 250 2600ಕ್ಕೆ ಗಾಡಿ ನಂಬರ್ ಹೇಳಿ, ಅವರು ಹುಡುಕಿಕೊಡುತ್ತಾರೆ. ನಿಮ್ಮ ಕಂಪನಿಗೆ ಒಂದು ವಾರದೊಳಗೆ ತಿಳಿಸಿ.